ಬಿಸಿಲ ನಾಡಿನ ಬಟ್ಟೆ: ಕಂಬಳಿಯಿಂದ ಟೆರಿಕಾಟ್‌ವರೆಗೆ

ಏಪ್ರಿಲ್ ತಿಂಗಳು ಬಂದಿತೆಂದರೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8 ಗಂಟೆಗೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುವುದು ಇಲ್ಲಿನ ಬೇಸಿಗೆಯ ರೂಢಿ. ಬಿಸಿಲಿಗಾಗಿ ನಾವು ಗಡಿಯಾರವನ್ನು ತಿದ್ದಿಕೊಳ್ಳುತ್ತೇವೆ. ಮೈಮೇಲಿನ ಬಟ್ಟೆಯನ್ನು ಮಾತ್ರ ಹಾಗೆಯೇ ಬಿಡುತ್ತೇವೆ. ಬೇಸಿಗೆ ಏರುವ ಹೊತ್ತಿನಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ ಅಥವಾ ಯಲಬುರ್ಗಾದ ಯಾವುದಾದರೂ ಪರೀಕ್ಷಾ ಕೇಂದ್ರದ ಕೊಠಡಿಯನ್ನು ಗಮನಿಸಿ. ಬೆನ್ನಿಗಂಟಿದ ಸಮವಸ್ತ್ರದ ಅಂಗಿಯನ್ನು ಆಗಾಗ ಎಳೆದುಕೊಳ್ಳುತ್ತ ಮಕ್ಕಳು ಬರೆಯುತ್ತಿರುತ್ತಾರೆ. ಅಂಗಿಯನ್ನು ಎಳೆದು ಬಿಡುವ ಆ ಸಣ್ಣ ಚಲನೆಯಲ್ಲೇ ಈ ಲೇಖನದ ಅರ್ಧ ವಿಜ್ಞಾನವಿದೆ.

ಬೇಸಿಗೆಗೆ ಯಾವ ಬಟ್ಟೆ ತಂಪು? ತರಗತಿಯಲ್ಲಿ ಕೇಳಿದರೆ ಎಲ್ಲರೂ ಒಂದೇ ದನಿಯಲ್ಲಿ 'ಹತ್ತಿ' ಎನ್ನುತ್ತಾರೆ. ಉತ್ತರ ತಪ್ಪಲ್ಲ, ಆದರೆ ಅಪೂರ್ಣ. ಹಾಗಿದ್ದರೆ ಯಲಬುರ್ಗಾದ ಕುರಿಗಾಹಿ ಸುಡುಬಿಸಿಲಿನಲ್ಲೂ ಕರಿ ಉಣ್ಣೆಯ ಕಂಬಳಿಯನ್ನು ಹೆಗಲಿನಿಂದ ಇಳಿಸದಿರುವುದೇಕೆ? ಹತ್ತಿ ಬೆಳೆಯುವ ನೆಲದಲ್ಲೇ ಟೆರಿಲಿನ್ ಅಂಗಿ ಗೆದ್ದದ್ದು ಹೇಗೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದರೆ ನೂಲಿನ ಹೆಸರಿಗಿಂತ ನೇಯ್ಗೆ, ಸಡಿಲತೆ ಮತ್ತು ಊರಿನ ಗಾಳಿ ಹೆಚ್ಚು ಮುಖ್ಯವೆಂದು ತಿಳಿಯುತ್ತದೆ.

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದಾಗ ಅದರಲ್ಲಿದ್ದವು ಈ ನಾಲ್ಕೇ ತಾಲ್ಲೂಕುಗಳು. ಕುಕನೂರು, ಕನಕಗಿರಿ, ಕಾರಟಗಿಗಳು ಆಮೇಲೆ ತಾಲ್ಲೂಕುಗಳಾದವು. ಬಟ್ಟೆಯ ವಿದ್ಯಾರ್ಥಿಗೆ ಈ ನಾಲ್ಕು ಹಳೆಯ ತಾಲ್ಲೂಕುಗಳು ಒಂದು ಸಿದ್ಧ ಪ್ರಯೋಗಶಾಲೆ ಎನ್ನಬಹುದು. ಕುಷ್ಟಗಿ ಮತ್ತು ಯಲಬುರ್ಗಾ ಒಣ ಬೇಸಾಯದ ಸೀಮೆ, ಒಣ ಗಾಳಿಯ ಸೀಮೆ. ಗಂಗಾವತಿಯಲ್ಲಿ ಮಾತ್ರ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಂತ ಭತ್ತದ ಗದ್ದೆಗಳಿವೆ. ಸೂರ್ಯ ಎರಡೂ ಕಡೆ ಒಬ್ಬನೇ. ಬೆವರು ಮಾತ್ರ ಒಂದೇ ರೀತಿ ಆರುವುದಿಲ್ಲ.

ಮೈಯ ಲೆಕ್ಕ

ಮೊದಲು ದೇಹದ ಲೆಕ್ಕವನ್ನು ನೋಡೋಣ. ಸುಮ್ಮನೆ ಕುಳಿತ ವಯಸ್ಕನ ದೇಹ ಸುಮಾರು 100 ವ್ಯಾಟ್‌ನಷ್ಟು ಶಾಖವನ್ನು ಹೊರಹಾಕುತ್ತಿರುತ್ತದೆ. ಹೊಲದಲ್ಲಿ ಕಷ್ಟದ ಕೆಲಸ ಮಾಡುವಾಗ ಇದು 300-400 ವ್ಯಾಟ್‌ಗೆ ಏರುತ್ತದೆ. ಉಷ್ಣವಹನ, ಉಷ್ಣಸಂವಹನ, ವಿಕಿರಣ ಮತ್ತು ಬೆವರಿನ ಆವಿಯಾಗುವಿಕೆ, ಈ ನಾಲ್ಕು ದಾರಿಗಳಲ್ಲಿ ಶಾಖ ಹೊರಹೋಗಬೇಕು. ಬೆವರುವ ಚರ್ಮದ ಉಷ್ಣತೆ ಸುಮಾರು 35° ಸೆ. ಗಾಳಿಯ ಉಷ್ಣತೆ 40° ಸೆ. ಆದಾಗ ಮೊದಲ ಮೂರು ದಾರಿಗಳು ತಿರುಗಿ ಹರಿಯುತ್ತವೆ, ಅಂದರೆ ಸುತ್ತಲಿನ ಗಾಳಿ, ಗೋಡೆ, ನೆಲ ಎಲ್ಲವೂ ದೇಹಕ್ಕೇ ಶಾಖ ಕೊಡುತ್ತವೆ. ಉಳಿಯುವುದು ಬೆವರೊಂದೇ.

ಒಂದು ಗ್ರಾಂ ಬೆವರು ಆವಿಯಾಗಲು ಸುಮಾರು 2,400 ಜೂಲ್ ಶಾಖವನ್ನು ಹೀರಿಕೊಳ್ಳುತ್ತದೆ. 350 ವ್ಯಾಟ್ ಶಾಖವನ್ನು ಒಂದು ಗಂಟೆ ಕಾಲ ಹೊರಹಾಕಬೇಕಾದರೆ ಎಷ್ಟು ಬೆವರು ಬೇಕು? 350ನ್ನು 3,600 ಸೆಕೆಂಡುಗಳಿಂದ ಗುಣಿಸಿ 2,400ರಿಂದ ಭಾಗಿಸಿದರೆ 525 ಗ್ರಾಂ, ಅಂದರೆ ಅರ್ಧ ಲೀಟರಿಗಿಂತ ತುಸು ಹೆಚ್ಚು. ಇದು ಆವಿಯಾದ ಬೆವರಿನ ಲೆಕ್ಕ ಎಂಬುದನ್ನು ಮರೆಯಬೇಡಿ. ಹನಿಯಾಗಿ ನೆಲಕ್ಕೆ ಬಿದ್ದ ಬೆವರಿನಿಂದ ದೇಹಕ್ಕೆ ನೀರಿನ ನಷ್ಟವಾಗುತ್ತದೆಯೇ ಹೊರತು ತಂಪು ದೊರೆಯುವುದಿಲ್ಲ. ಆದ್ದರಿಂದ ಬೇಸಿಗೆಯ ಬಟ್ಟೆಗೆ ಎರಡು ಕೆಲಸಗಳಿವೆ. ಹೊರಗಿನ ಬಿಸಿಲನ್ನು ಅದು ತಡೆಯಬೇಕು. ಒಳಗಿನ ಆವಿಯನ್ನು ತಡೆಯಬಾರದು. ಇವೆರಡೂ ಒಂದಕ್ಕೊಂದು ವಿರುದ್ಧವಾದ ಬೇಡಿಕೆಗಳು. ಕೊಪ್ಪಳ ಸೀಮೆಯ ಹಳೆಯ ಉಡುಪುಗಳೆಲ್ಲವೂ ಇವೆರಡರ ನಡುವೆ ಮಾಡಿಕೊಂಡ ರಾಜಿಗಳೇ.

ಕರಿ ಕಂಬಳಿಯ ಒಗಟು

ಕಂಬಳಿಯಿಂದಲೇ ಆರಂಭಿಸೋಣ. ದಖನಿ ತಳಿಯ ಕುರಿಯ ಒರಟು ಕಪ್ಪು ಉಣ್ಣೆಯನ್ನು ಕತ್ತರಿಸಿ, ಹಿಂಜಿ, ಕೈಯಲ್ಲಿ ನೂತು, ಹಾಸಿನ ಎಳೆಗಳಿಗೆ ಹುಣಸೆ ಬೀಜದ ಸರಿ ಬಳಿದು ಕುಣಿಮಗ್ಗದಲ್ಲಿ ನೇಯುವುದು ಹಳೆಯ ಪದ್ಧತಿ. ಹಾಲುಮತದವರ ಮನೆಗಳಲ್ಲಿ ಅದು ಹಾಸಿಗೆ, ಹೊದಿಕೆ, ಮಳೆಗೆ ಕೊಪ್ಪೆ, ಬಿಸಿಲಿಗೆ ನೆರಳು, ದೇವರ ಮುಂದೆ ಗದ್ದುಗೆ, ಎಲ್ಲವೂ ಹೌದು. ಉಳಿದ ಉಪಯೋಗಗಳು ಯಾರಿಗೂ ಅರ್ಥವಾಗುವಂಥವೇ. ಬಿಸಿಲಿಗೆ ಕರಿ ಉಣ್ಣೆ ಎಂದಾಗ ಮಾತ್ರ ಓದಿದವರು ಹುಬ್ಬೇರಿಸುತ್ತಾರೆ. ಕಪ್ಪು ಬಣ್ಣ ಶಾಖವನ್ನು ಹೀರಿಕೊಳ್ಳುತ್ತದೆ ಎಂದು ನಾವೇ ಪಾಠ ಮಾಡಿದ್ದೇವಲ್ಲವೆ?

ಆ ಪಾಠದ ಮೂಲ ಬಹಳ ಹಳೆಯದು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1761ರ ಒಂದು ಪತ್ರದಲ್ಲಿ ತಾನು ಮಾಡಿದ ಸರಳ ಪ್ರಯೋಗವನ್ನು ವಿವರಿಸಿದ್ದಾನೆ. ದರ್ಜಿಯಿಂದ ತಂದ ಬೇರೆ ಬೇರೆ ಬಣ್ಣದ ಬಟ್ಟೆ ತುಂಡುಗಳನ್ನು ಬಿಸಿಲಿನಲ್ಲಿ ಹಿಮದ ಮೇಲೆ ಹರಡಿದಾಗ ಕಪ್ಪು ತುಂಡು ಎಲ್ಲಕ್ಕಿಂತ ಆಳಕ್ಕೆ ಇಳಿಯಿತು. ಬಿಳಿಯದು ಇಳಿಯಲೇ ಇಲ್ಲ. ಬಿಸಿಲ ನಾಡಿನಲ್ಲಿ ಕಪ್ಪು ಉಡುಪು ತಕ್ಕದ್ದಲ್ಲವೆಂದು ಅವನು ತೀರ್ಮಾನಿಸಿದ. ಹಿಮಕ್ಕೆ ಅಂಟಿಕೊಂಡ ಬಟ್ಟೆಯ ಮಟ್ಟಿಗೆ ಇದು ನಿಜ. ಆದರೆ ಮೈಗೆ ಅಂಟದ ಬಟ್ಟೆಯ ಮಟ್ಟಿಗೆ?

ಈ ಪ್ರಶ್ನೆಗೆ ಅಳತೆಯ ಉತ್ತರ ಬಂದದ್ದು 1980ರಲ್ಲಿ. ಸಿನಾಯ್ ಮರುಭೂಮಿಯ ಬೆಡೊಯಿನ್ ಪಶುಪಾಲಕರು ಕಪ್ಪು ನಿಲುವಂಗಿ ಧರಿಸುವುದೇಕೆಂದು ಷ್ಕೋಲ್ನಿಕ್, ಟೇಲರ್, ಫಿಂಚ್ ಮತ್ತು ಬೊರುಟ್ ಎಂಬ ವಿಜ್ಞಾನಿಗಳು ಪರೀಕ್ಷಿಸಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ನಡುಮಧ್ಯಾಹ್ನದ ಬಿಸಿಲಿನಲ್ಲಿ ಒಬ್ಬ ಸ್ವಯಂಸೇವಕ ಕಪ್ಪು ನಿಲುವಂಗಿ, ಬಿಳಿ ನಿಲುವಂಗಿ, ಸೈನಿಕ ಸಮವಸ್ತ್ರ ಮತ್ತು ಬರೀ ಚಡ್ಡಿ, ಹೀಗೆ ಒಂದೊಂದನ್ನೇ ತೊಟ್ಟು ನಿಂತ. ಕಪ್ಪು ಬಟ್ಟೆ ಬಿಳಿಗಿಂತ ಹೆಚ್ಚು ಕಾದದ್ದು ನಿಜ. ಆದರೆ ಚರ್ಮಕ್ಕೆ ತಲುಪಿದ ಶಾಖ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು! ಸಡಿಲವಾದ ನಿಲುವಂಗಿಯ ಒಳಗೆ ಗಾಳಿ ಆಡುತ್ತಿದ್ದುದರಿಂದ ಬಟ್ಟೆ ಹೀರಿದ ಹೆಚ್ಚುವರಿ ಶಾಖ ಮೈಗೆ ಮುಟ್ಟುವ ಮೊದಲೇ ಹೊರಟುಹೋಗುತ್ತಿತ್ತು.

ಕುರಿಗಾಹಿಯ ಕಂಬಳಿಯನ್ನು ಈ ಬೆಳಕಿನಲ್ಲಿ ನೋಡಿ. ಅವನು ಅದನ್ನು ಮೈಗೆ ಬಿಗಿದುಕೊಳ್ಳುವುದಿಲ್ಲ. ತಲೆಯ ಮೇಲಿಂದ ಇಳಿಬಿಟ್ಟ ಕಂಬಳಿ ಒಂದು ಪುಟ್ಟ ಗುಡಾರದಂತೆ ನಿಲ್ಲುತ್ತದೆ. ಸುರುಳಿ ಸುರುಳಿಯಾದ ಉಣ್ಣೆಯ ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಗಾಳಿ ಉತ್ತಮ ಅವಾಹಕ. ಹಾಗಾಗಿ ಕಾದ ಹೊರಮೈಯಿಂದ ಒಳಮೈಗೆ ಶಾಖ ನಿಧಾನವಾಗಿ ಸಾಗುತ್ತದೆ. ಚಳಿಗಾಲದಲ್ಲಿ ಒಳಗಿನ ಶಾಖವನ್ನು ಹೊರಬಿಡದ ಗುಣವೇ ಬೇಸಿಗೆಯಲ್ಲಿ ಹೊರಗಿನ ಶಾಖವನ್ನು ಒಳಬಿಡದ ಗುಣವಾಗುತ್ತದೆ. ಆದರೂ ಕಂಬಳಿಯನ್ನು ಹೊಗಳುವ ಉತ್ಸಾಹದಲ್ಲಿ ಒಂದು ಮಾತನ್ನು ಮರೆಯಬಾರದು: ಇದು ನಿಂತು ಕಾಯುವವನ ಉಡುಪು. ಗುದ್ದಲಿ ಹಿಡಿದು ದುಡಿಯುವವನು ಕಂಬಳಿ ಹೊದ್ದರೆ ಬೇಯುತ್ತಾನೆ, ಏಕೆಂದರೆ ಅವನ ಶಾಖ ಹುಟ್ಟುವುದು ಒಳಗೆ.

ಈಗ ಕಂಬಳಿಯೇ ಅಪರೂಪವಾಗುತ್ತಿದೆ. ಕುರಿಯನ್ನು ಉಣ್ಣೆಗಿಂತ ಮಾಂಸಕ್ಕಾಗಿ ಸಾಕುವುದು ಲಾಭಕರವಾಗಿದೆ. ಗಂಗಾವತಿ, ಲಿಂಗಸುಗೂರು, ಸಿಂಧನೂರು ಭಾಗದ ಕೆಂಗುರಿ ತಳಿಗೆ ಹೆಸರು ಬಂದದ್ದೂ ಮಾಂಸದಿಂದಲೇ. 1985ರ ಕೈಮಗ್ಗ ಮೀಸಲಾತಿ ಕಾಯಿದೆಯಡಿ ಕೈಮಗ್ಗಕ್ಕೆಂದು ಕಾಯ್ದಿರಿಸಿದ ವಸ್ತುಗಳ ಪಟ್ಟಿಯಲ್ಲಿ ಕಂಬಳಿಯೂ ಇದೆ. ಪಟ್ಟಿಯಲ್ಲಿ ಇದ್ದಮಾತ್ರಕ್ಕೆ ಉಣ್ಣೆ ಬರುವುದಿಲ್ಲವಷ್ಟೆ.

ಕೆಂಪು ಕೋಟು, ಕೆಂಪು ಒಳ ಉಡುಪು

ಉಷ್ಣದ ನಾಡಿಗೆ ಹೊಸದಾಗಿ ಬಂದವರು ಏನು ತೊಟ್ಟರು ಎಂಬುದೂ ಗಮನಾರ್ಹ. 1819ರಲ್ಲಿ ಬ್ರಿಗೇಡಿಯರ್ ಪ್ರಿಟ್ಜ್ಲರ್ ನೇತೃತ್ವದ ಬ್ರಿಟಿಷ್ ಪಡೆ ಕೊಪ್ಪಳದ ಕೋಟೆಯನ್ನು ಮುತ್ತಿ ವೀರಪ್ಪನ ಬಂಡಾಯವನ್ನು ಅಡಗಿಸಿತು. ಆ ಕಾಲದ ಬ್ರಿಟಿಷ್ ಸೈನಿಕನ ಉಡುಪು ಎಂದರೆ ಮೈಗೆ ಬಿಗಿದ ಕೆಂಪು ಉಣ್ಣೆಯ ಕೋಟು. ಕಂಬಳಿಯೂ ಉಣ್ಣೆ, ಕೋಟೂ ಉಣ್ಣೆ. ಬಿಗಿ ಮತ್ತು ಸಡಿಲದ ನಡುವಿನ ಅಂತರವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಜೋಡಿ ದೊರೆಯುವುದು ಕಷ್ಟ.

ವಿಚಿತ್ರವೆಂದರೆ ಬಟ್ಟೆಯ ಶಾಖ ನಿರೋಧಕತೆಯ ಬಗ್ಗೆ ಅಳತೆಗಳು ಆ ವೇಳೆಗಾಗಲೇ ಆಗಿದ್ದವು. ಕೌಂಟ್ ರಮ್‌ಫರ್ಡ್ ಎಂದು ಹೆಸರಾದ ಬೆಂಜಮಿನ್ ಥಾಂಪ್ಸನ್ ಉಣ್ಣೆ, ಹತ್ತಿ, ರೇಷ್ಮೆ, ನಾರುಬಟ್ಟೆ ಮುಂತಾದವುಗಳನ್ನು ಉಷ್ಣತಾಮಾಪಕದ ಸುತ್ತ ತುಂಬಿ, ಅದು ತಣಿಯಲು ಹಿಡಿಯುವ ಕಾಲವನ್ನು ಅಳೆದು, 1792ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಮಾಡಿದ್ದ. ಬೆಚ್ಚಗಿಡುವ ಗುಣ ಎಳೆಗಿಂತ ಹೆಚ್ಚಾಗಿ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯದು ಎಂಬುದು ಅವನ ಮುಖ್ಯ ನಿರ್ಣಯ. ಆದರೂ ಭಾರತಕ್ಕೆ ಬಂದ ಬ್ರಿಟಿಷರು ಹೊಟ್ಟೆಗೆ ಚಳಿ ತಗಲಿ ಕಾಲರಾ ಬರುತ್ತದೆಂದು ನಂಬಿ 19ನೆಯ ಶತಮಾನದುದ್ದಕ್ಕೂ ಫ್ಲಾನೆಲ್ ಪಟ್ಟಿಯನ್ನು ಸುತ್ತಿಕೊಂಡರು. ಬಿಸಿಲಿನ ಅದೃಶ್ಯ ಕಿರಣಗಳು ಬೆನ್ನುಹುರಿಗೆ ಇಳಿಯುತ್ತವೆಂದು ಬೆನ್ನಿಗೆ ದಪ್ಪ ಮೆತ್ತೆಗಳನ್ನೂ ಕಟ್ಟಿಕೊಂಡರು.

ಈ ಕಿರಣಭೀತಿ ಕೊನೆಗೊಂಡ ರೀತಿ ಸ್ವಾರಸ್ಯಕರವಾಗಿದೆ. ಫಿಲಿಪೀನ್ಸ್‌ನಲ್ಲಿದ್ದ ಅಮೆರಿಕದ ಸೇನೆ ಸುಮಾರು 500 ಸೈನಿಕರಿಗೆ ಕಿತ್ತಳೆಗೆಂಪು ಬಣ್ಣದ ಒಳ ಉಡುಪನ್ನು ತೊಡಿಸಿ, ಅಷ್ಟೇ ಮಂದಿಗೆ ಬಿಳಿಯದನ್ನು ಕೊಟ್ಟು ಹೋಲಿಸಿತು. ಕೆಂಪು ಬಣ್ಣ ಹಾನಿಕರ ಕಿರಣಗಳನ್ನು ಸೋಸುತ್ತದೆಂಬುದು ನಂಬಿಕೆ. ಸೇನಾವೈದ್ಯ ಫೇಲನ್ 1910ರಲ್ಲಿ ಫಲಿತಾಂಶ ಪ್ರಕಟಿಸಿದ: ಕೆಂಪು ಒಳ ಉಡುಪಿನಿಂದ ಯಾವ ಲಾಭವೂ ಕಾಣಲಿಲ್ಲ, ತೊಟ್ಟವರಿಗೆ ಸೆಕೆ ಮಾತ್ರ ಹೆಚ್ಚಾಯಿತು. ಹೋಲಿಕೆಗೆ ಇನ್ನೊಂದು ಗುಂಪನ್ನು ಇಟ್ಟುಕೊಳ್ಳುವುದು ಏಕೆ ಬೇಕು ಎಂದು ವಿದ್ಯಾರ್ಥಿಗಳಿಗೆ ಹೇಳಲು ಇದೊಂದು ಒಳ್ಳೆಯ ಉದಾಹರಣೆ.

ಸಣ್ಣ ಹತ್ತಿ, ದಪ್ಪ ನೂಲು

ಸ್ಥಳೀಯರ ಉಡುಪಿಗೆ ಮರಳೋಣ. ಸಾಲಾರ್ ಜಂಗ್ ಮನೆತನದ ಜಾಗೀರಾಗಿ ನಿಜಾಮ ರಾಜ್ಯದೊಳಗಿದ್ದ ಕೊಪ್ಪಳ, ಯಲಬುರ್ಗಾ ಸೀಮೆಗೂ ಪಕ್ಕದ ಧಾರವಾಡ ಸೀಮೆಗೂ ಆಡಳಿತ ಬೇರೆಯಾದರೂ ಎರೆಭೂಮಿ ಒಂದೇ ಬಗೆಯದು. ಅಲ್ಲಿ ಬೆಳೆಯುತ್ತಿದ್ದ ನಾಡ ಹತ್ತಿಗೆ ವ್ಯಾಪಾರಿಗಳು ಇಟ್ಟ ಹೆಸರು ಕುಮಟಾ ಹತ್ತಿ. ಹತ್ತಿ ಬೆಳೆಯುವುದು ಕುಮಟಾದಲ್ಲಲ್ಲ. ಹಡಗು ಹತ್ತುತ್ತಿದ್ದುದು ಆ ಬಂದರಿನಲ್ಲಿ. ಇದರ ವಂಶದ್ದೇ ಆದ ಜಯಧರ ತಳಿಯನ್ನು ರೈತರು 'ಸಣ್ಣ ಹತ್ತಿ' ಎಂದು ಕರೆಯುತ್ತಾರೆ. ಅದರ ಎಳೆ ಗಿಡ್ಡ, ಸ್ವಲ್ಪ ಒರಟು. ಲಂಕಾಶೈರಿನ ಯಂತ್ರಗಳಿಗೆ ಉದ್ದನೆಯ ಎಳೆ ಬೇಕಾಗಿತ್ತು. ಅದಕ್ಕಾಗಿ 1840ರ ದಶಕದಿಂದಲೇ ಧಾರವಾಡದಲ್ಲಿ ಅಮೆರಿಕದ ಬೀಜಗಳನ್ನು ಬಿತ್ತಿಸಲಾಯಿತು. 1861-65ರ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಬೆಲೆ ಗಗನಕ್ಕೇರಿತು.

ಯಂತ್ರಕ್ಕೆ ಒಲ್ಲದ ಗಿಡ್ಡ ಎಳೆ ಕೈನೂಲಿಗೆ ಒಗ್ಗುತ್ತಿತ್ತು. ನೂಲು ದಪ್ಪ, ಏರುಪೇರು, ನೇಯ್ಗೆ ವಿರಳ. ಹಾಸು ಹೊಕ್ಕುಗಳ ನಡುವೆ ಸಣ್ಣ ಕಿಂಡಿಗಳು ಉಳಿಯುತ್ತವೆ. ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಕಾಣುವ ಈ ಕಿಂಡಿಗಳೇ ಬೆವರಿನ ಆವಿಗೆ ದಾರಿ. ಹತ್ತಿಯ ಎಳೆ ಸೆಲ್ಯುಲೋಸ್‌ನಿಂದಾದದ್ದು. ಅದರ ಅಣುವಿನಲ್ಲಿರುವ ಹೈಡ್ರಾಕ್ಸಿಲ್ ಗುಂಪುಗಳು ನೀರಿನ ಅಣುಗಳನ್ನು ಹಿಡಿದುಕೊಳ್ಳುತ್ತವೆ. ಪ್ರಮಾಣಿತ ಪರಿಸ್ಥಿತಿಯಲ್ಲಿ, ಅಂದರೆ 20° ಸೆ. ಆಸುಪಾಸಿನಲ್ಲಿ ಶೇ. 65 ಸಾಪೇಕ್ಷ ಆರ್ದ್ರತೆ ಇರುವಾಗ, ಒಣ ಹತ್ತಿ ತನ್ನ ತೂಕದ ಶೇ. 8.5ರಷ್ಟು ತೇವವನ್ನು ಹಿಡಿದಿಡುತ್ತದೆಂದು ವ್ಯಾಪಾರದಲ್ಲಿ ಲೆಕ್ಕ ಹಾಕುತ್ತಾರೆ. ರೇಷ್ಮೆಗೆ ಇದು ಸುಮಾರು 11, ಉಣ್ಣೆಗೆ 16, ನೈಲಾನ್‌ಗೆ 4ರಷ್ಟು. ಪಾಲಿಎಸ್ಟರ್‌ಗೆ ಕೇವಲ 0.4.

ಕುಷ್ಟಗಿಯ ನೆರೆಯ ಇಳಕಲ್ಲಿನ ಸೀರೆ ನಿಮಗೆಲ್ಲ ಗೊತ್ತು. ಕುಷ್ಟಗಿ ತಾಲ್ಲೂಕಿನ ದೋಟಿಹಾಳದಲ್ಲೂ ಈ ಬಗೆಯ ಸೀರೆಗಳ ನೇಯ್ಗೆಯಿದೆ. ಕೊಪ್ಪಳದ ಮಗ್ಗುಲಿನ ಭಾಗ್ಯನಗರವೂ ನೇಕಾರರ ಊರೇ. ಇಳಕಲ್ ನೇಕಾರರ ಜಾಣ್ಮೆ ಇರುವುದು ಕೊಂಡಿಯಲ್ಲಿ. ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಕೊಂಡಿ ಹಾಕಿ ಜೋಡಿಸುವುದರಿಂದ ಮೈಗೆ ಸುತ್ತುವ ಒಡಲು ಹತ್ತಿಯದಾಗಿಯೂ ಎದ್ದು ಕಾಣುವ ಸೆರಗು ರೇಷ್ಮೆಯದಾಗಿಯೂ ಇರಲು ಸಾಧ್ಯ. ಹಬ್ಬದ ಅಂದಕ್ಕೆ ರೇಷ್ಮೆ, ಮೈಯ ನೆಮ್ಮದಿಗೆ ಹತ್ತಿ! ತಲೆಯ ಮೇಲೆ ಹೊದ್ದ ಸೆರಗೂ ಗಂಡಸರ ಹಲವು ಸುತ್ತಿನ ರುಮಾಲೂ ಕಂಬಳಿಯಂತೆಯೇ ಕೆಲಸ ಮಾಡುತ್ತವೆ. ಗಂಜಿ ಹಾಕಿದ ಧೋತರದ ಗುಟ್ಟೂ ಇದೇ. ಗಂಜಿಯಿಂದ ಬಿರುಸಾದ ಬಟ್ಟೆ ಚರ್ಮಕ್ಕೆ ಅಂಟದೆ ದೂರ ನಿಲ್ಲುತ್ತದೆ, ನಡೆಯುವಾಗ ಬೀಸಣಿಗೆಯಂತೆ ಗಾಳಿಯನ್ನು ಆಡಿಸುತ್ತದೆ. ಗಂಜಿ ಅತಿಯಾದರೆ ಮಾತ್ರ ನೇಯ್ಗೆಯ ಕಿಂಡಿಗಳೇ ಮುಚ್ಚಿಕೊಳ್ಳುತ್ತವೆ.

ಟೆರಿಕಾಟ್ ಬಂತು

1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನ ವಿಜ್ಞಾನಿಗಳು ಪಾಲಿಎಸ್ಟರ್ ಎಳೆಯನ್ನು ತಯಾರಿಸಿದರು. ಅದು ಟೆರಿಲಿನ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. 1960ರ ದಶಕದಲ್ಲಿ ಭಾರತದಲ್ಲೇ 'ಟೆರೀನ್' ತಯಾರಾಗತೊಡಗಿತು. ಹತ್ತಿಯೊಡನೆ ಬೆರೆಸಿದ್ದು ಟೆರಿಕಾಟ್. ಮೂರರಲ್ಲಿ ಎರಡು ಪಾಲು ಪಾಲಿಎಸ್ಟರ್, ಒಂದು ಪಾಲು ಹತ್ತಿ ಎಂಬುದು ಅದರ ಪ್ರಸಿದ್ಧ ಮಿಶ್ರಣ. ಮೇಲಿನ ಅಂಕಿಗಳಿಂದ ನೀವೇ ಲೆಕ್ಕ ಹಾಕಿ: ಶೇ. 67 ಪಾಲಿಎಸ್ಟರ್ ಮತ್ತು ಶೇ. 33 ಹತ್ತಿ ಇರುವ ಬಟ್ಟೆ ಹಿಡಿಯುವ ತೇವ ಸುಮಾರು ಶೇ. 3 ಮಾತ್ರ.

ಇಷ್ಟಾದರೂ ಅದು ಹಳ್ಳಿಹಳ್ಳಿಯಲ್ಲಿ ಗೆದ್ದಿತು. ಪಟ್ಟಣದವರ ಅನುಕರಣೆ, ಹೊಳಪಿನ ಆಸೆ ಎಂದು ಇದನ್ನು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಕುಡಿಯುವ ನೀರಿಗೇ ಕೊಡ ಹಿಡಿದು ನಡೆಯಬೇಕಾದ ಒಣ ಸೀಮೆಯಲ್ಲಿ ಬಟ್ಟೆ ಒಗೆಯುವ ಹೆಣ್ಣುಮಕ್ಕಳ ದೃಷ್ಟಿಯಿಂದ ನೋಡಿ. ದಪ್ಪ ಹತ್ತಿಯ ಧೋತರ ನೀರನ್ನು ಕುಡಿಯುತ್ತದೆ, ಭಾರವಾಗುತ್ತದೆ, ಒಣಗಲು ಹೊತ್ತು ಹಿಡಿಯುತ್ತದೆ, ಬೇಗ ಹರಿಯುತ್ತದೆ. ಟೆರಿಕಾಟ್ ಅಂಗಿ ಕಡಿಮೆ ನೀರಿನಲ್ಲಿ ಹಿಂಡಿ ಹಾಕಿದರೆ ಬೇಗ ಒಣಗುತ್ತದೆ, ಇಸ್ತ್ರಿ ಬೇಡ, ವರ್ಷಗಟ್ಟಲೆ ಬಾಳುತ್ತದೆ. ಎರಡೇ ಜೊತೆ ಬಟ್ಟೆಯಿರುವ ಮನೆಗೆ ಇದು ದೊಡ್ಡ ಅನುಕೂಲ. ತಂಪನ್ನು ಕೊಟ್ಟು ಅವರು ನೀರನ್ನೂ ಸಮಯವನ್ನೂ ಕೊಂಡರು. ಶಾಲಾ ಸಮವಸ್ತ್ರ ಮಿಶ್ರ ನೂಲಿನದಾಗಿರುವುದಕ್ಕೂ ಬಾಳಿಕೆಯೇ ಮುಖ್ಯ ಕಾರಣ.

ಈ ಎರಡರ ನಡುವೆ ರೇಯಾನ್ ಇದೆ. ಕ್ರಾಸ್, ಬೆವನ್ ಮತ್ತು ಬೀಡಲ್ 1892ರಲ್ಲಿ ರೂಪಿಸಿದ ವಿಸ್ಕೋಸ್ ವಿಧಾನದಲ್ಲಿ ಮರದ ತಿರುಳಿನ ಸೆಲ್ಯುಲೋಸ್ ಅನ್ನು ಕರಗಿಸಿ ಮತ್ತೆ ಎಳೆಯಾಗಿಸುತ್ತಾರೆ. ಹತ್ತಿಗಿಂತ ಹೆಚ್ಚು ತೇವ ಹೀರುವ ಈ ಎಳೆ ತಣ್ಣಗೆನಿಸುತ್ತದೆ. ಆದರೆ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ. 1970ರ ದಶಕದಲ್ಲಿ ಹರಿಹರದ ಬಳಿ ನೀಲಗಿರಿ ಮರದ ತಿರುಳಿನಿಂದ ಇದರ ಉದ್ಯಮ ಬೆಳೆಯಿತು. ಅದರ ಕೊಳೆನೀರಿನ ವಿರುದ್ಧ ತುಂಗಭದ್ರೆಯ ದಂಡೆಯಲ್ಲಿ ದೊಡ್ಡ ಜನಾಂದೋಲನವೇ ನಡೆಯಿತು. ಅದೇ ನದಿ ಕೆಳಗೆ ಹರಿದು ಕೊಪ್ಪಳ ತಾಲ್ಲೂಕಿನ ಮುನಿರಾಬಾದಿನಲ್ಲಿ ಅಣೆಕಟ್ಟಿಗೆ ಬಂದು ಸೇರುತ್ತದೆ.

ಗದ್ದೆಯ ಗಾಳಿ, ಹೊಲದ ಗಾಳಿ

ಆ ಅಣೆಕಟ್ಟು 1953ರಲ್ಲಿ ನೀರು ಕೊಟ್ಟ ಮೇಲೆ ಗಂಗಾವತಿ ಭತ್ತದ ಕಣಜವಾಯಿತು. ಬೆಳೆಯೊಡನೆ ಗದ್ದೆಯ ಗಾಳಿಯೂ ಬದಲಾಯಿತು. ಬೆವರು ಆರುವ ವೇಗವನ್ನು ನಿರ್ಧರಿಸುವುದು ಒದ್ದೆ ಚರ್ಮದ ಮೇಲಿನ ಆವಿಯ ಒತ್ತಡ ಮತ್ತು ಗಾಳಿಯಲ್ಲಿರುವ ಆವಿಯ ಒತ್ತಡಗಳ ಅಂತರ. 35° ಸೆ.ನ ಒದ್ದೆ ಚರ್ಮದ ಮೇಲೆ ಇದು ಸುಮಾರು 42 ಮಿ.ಮೀ. ಪಾದರಸ. ಉದಾಹರಣೆಗೆ ಒಣ ಹೊಲದಲ್ಲಿ 40° ಸೆ. ಉಷ್ಣತೆ, ಶೇ. 20 ಆರ್ದ್ರತೆ ಇದೆಯೆನ್ನೋಣ. ಗಾಳಿಯ ಆವಿಯ ಒತ್ತಡ 11 ಮಿ.ಮೀ., ಅಂತರ 31. ನೀರು ನಿಂತ ಗದ್ದೆಯಲ್ಲಿ 35° ಸೆ., ಶೇ. 60 ಎಂದುಕೊಂಡರೆ ಗಾಳಿಯದು 25, ಅಂತರ 17 ಮಾತ್ರ. ಉಷ್ಣತೆ 5 ಡಿಗ್ರಿ ಕಡಿಮೆಯಿದ್ದರೂ ಬೆವರು ಆರುವ ಎಳೆತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಆದ್ದರಿಂದ ಕುಷ್ಟಗಿಯ ಹೊಲಕ್ಕೆ ಒಪ್ಪುವ ಬಟ್ಟೆಯೇ ಗಂಗಾವತಿಯ ಗದ್ದೆಗೂ ಒಪ್ಪಬೇಕೆಂದಿಲ್ಲ. ಒಣ ಗಾಳಿಯಲ್ಲಿ ಬೆವರು ಹೇಗೂ ಆರುತ್ತದೆ; ಅಲ್ಲಿನ ಸಮಸ್ಯೆ ಬಿಸಿಲು ಮತ್ತು ಬಿಸಿಗಾಳಿ. ಮೈತುಂಬ ಮುಚ್ಚುವ, ಸ್ವಲ್ಪ ದಪ್ಪನೆಯ, ಸಡಿಲವಾದ ಹತ್ತಿ ಅಲ್ಲಿ ಉತ್ತಮ. ನೀರು ನಿಂತ ಗದ್ದೆಯಲ್ಲಿ ಗಾಳಿಯಾಡುವಿಕೆಯೇ ಸರ್ವಸ್ವ. ತೆಳ್ಳಗಿನ, ವಿರಳ ನೇಯ್ಗೆಯ ಬಟ್ಟೆ ಬೇಕು. ದಪ್ಪ ಹತ್ತಿ ಅಲ್ಲಿ ಬೆವರು ಕುಡಿದು ಒದ್ದೆಯಾಗಿಯೇ ಉಳಿಯುತ್ತದೆ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು ದುಡಿಯುವ ಕೂಲಿ ಮಹಿಳೆಯರನ್ನು ನೀವು ಕಂಡಿದ್ದೀರಿ. ಬಿಸಿಲು, ಗರಿಯ ಗೀರು ಎರಡನ್ನೂ ಅದು ತಡೆಯುತ್ತದೆ. ಆದರೆ ಅದು ಒತ್ತಾದ ನೇಯ್ಗೆಯ ಪಾಲಿಎಸ್ಟರ್ ಅಂಗಿಯಾದರೆ ಸೀರೆ, ಕುಬಸಗಳ ಮೇಲೆ ಇನ್ನೊಂದು ಮುಚ್ಚಳ ಹಾಕಿದಂತೆ. ಅದೇ ಅಂಗಿ ಹಳೆಯ ಹತ್ತಿಯದಾದರೆ ಹೊರೆ ಅಷ್ಟು ಕಡಿಮೆ. ಪಾಲಿಎಸ್ಟರ್ ಎಂದರೆ ಯಾವಾಗಲೂ ಸೆಕೆ ಎಂದಲ್ಲ. ಆಟಗಾರರು ತೊಡುವ ಅಂಗಿಗಳಲ್ಲಿ ಎಳೆಯ ಮೈಯಲ್ಲೇ ತೋಡುಗಳಿದ್ದು, ಲೋಮನಾಳ ಕ್ರಿಯೆಯಿಂದ ಬೆವರನ್ನು ಹೊರಮೈಗೆ ಹರಡುತ್ತವೆ. ಸಮವಸ್ತ್ರದ ಬಟ್ಟೆ ಆ ಜಾತಿಯದಲ್ಲ.

ರಮ್‌ಫರ್ಡ್‌ನ ಪ್ರಯೋಗದ ಸರಳ ರೂಪವನ್ನು ನಿಮ್ಮ ಶಾಲೆಯಲ್ಲೇ ಮಾಡಬಹುದು. ಒಂದೇ ಅಳತೆಯ ನಾಲ್ಕು ಸ್ಟೀಲ್ ಲೋಟಗಳಲ್ಲಿ ಸುಮಾರು 50° ಸೆ.ನ ನೀರನ್ನು ಸಮನಾಗಿ ತುಂಬಿ. ಒಂದನ್ನು ಹಾಗೆಯೇ ಬಿಡಿ. ಉಳಿದವಕ್ಕೆ ಒಂದೇ ವಿಸ್ತೀರ್ಣದ ಹತ್ತಿ, ಟೆರಿಕಾಟ್ ಮತ್ತು ಕಂಬಳಿಯ ತುಂಡುಗಳನ್ನು ಒದ್ದೆ ಮಾಡಿ ಹಿಂಡಿ ಸುತ್ತಿ. ಗಾಳಿಯಾಡುವ ನೆರಳಿನಲ್ಲಿಟ್ಟು 5 ನಿಮಿಷಕ್ಕೊಮ್ಮೆ ಉಷ್ಣತೆಯನ್ನು ಬರೆದುಕೊಳ್ಳಿ. ಅನಂತರ ಇದನ್ನೇ ಒದ್ದೆ ಗೋಣಿಚೀಲಗಳನ್ನು ಇಳಿಬಿಟ್ಟ ಮುಚ್ಚಿದ ಕೋಣೆಯಲ್ಲಿ ಮಾಡಿ. ಮೊದಲನೆಯದು ನಿಮ್ಮ ಕುಷ್ಟಗಿ, ಎರಡನೆಯದು ಗಂಗಾವತಿ. ಎರಡು ಆಲೇಖಗಳನ್ನು ಒಂದರ ಮೇಲೊಂದು ಎಳೆದು ಹೋಲಿಸಿ. ಯಾವ ತುಂಡು ಎಷ್ಟು ಬೇಗ ಒಣಗಿತು ಎಂಬುದನ್ನೂ ಗುರುತು ಹಾಕಿಕೊಳ್ಳಿ.

ಮುಂದಿನ ವರ್ಷದ ಸಮವಸ್ತ್ರಕ್ಕೆ ಬಟ್ಟೆ ಆರಿಸುವ ಅವಕಾಶ ನಿಮ್ಮ ಶಾಲೆಗೆ ಇದ್ದರೆ ಅಂಗಡಿಯಲ್ಲಿ ಮಾಡಬಹುದಾದ ಪರೀಕ್ಷೆಗಳೂ ಇವೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ಕಿಂಡಿಗಳನ್ನು ನೋಡಿ. ಬಾಯಿಗೆ ಒತ್ತಿ ಊದಿ, ಉಸಿರು ಎಷ್ಟು ಸುಲಭವಾಗಿ ಹಾಯುತ್ತದೆಂದು ಪರೀಕ್ಷಿಸಿ. ಒಂದು ಹನಿ ನೀರು ಹಾಕಿ ಅದು ಇಂಗಲು ಹಿಡಿಯುವ ಸೆಕೆಂಡುಗಳನ್ನು ಎಣಿಸಿ. ಕೊನೆಯ ಪರೀಕ್ಷೆಯನ್ನು ಒಗೆಯದ ಹೊಸ ಬಟ್ಟೆಯ ಮೇಲೆ ಮಾಡಿದರೆ ಫಲಿತಾಂಶ ನಂಬುವಂತಿಲ್ಲ. ಗಿರಣಿಯಲ್ಲಿ ಬಳಿದ ಸರಿ ಮತ್ತು ಹೊಳಪಿನ ಲೇಪ ಹತ್ತಿಯ ಮೇಲೂ ಹನಿಯನ್ನು ನಿಲ್ಲಿಸುತ್ತವೆ. ಅಂಗಡಿಯವರಿಂದ ಗೇಣುದ್ದದ ತುಂಡು ತಂದು, ಎರಡು ಸಲ ಸೋಪಿನಲ್ಲಿ ಒಗೆದು ಒಣಗಿಸಿ, ಆಮೇಲೆ ಹನಿ ಹಾಕಿ ನೋಡಿ.